ಹೊರಗಿನವರೂ ಕೇಳಬೇಕು ಅಂದ್ರೆ ನನ್ನ ಹಾಡಿನಿಂದ ಯೇಸುವಿನ ಹೆಸರು ತೆಗೆಯಬೇಕಾ?

ಹೆಸರು ಇದ್ದರೆ ಚರ್ಚ್ ಸಭೆಯವರು ಮಾತ್ರ ಕೇಳುತ್ತಾರೆ, ತೆಗೆದರೆ ಎಲ್ಲರೂ ಕೇಳುತ್ತಾರೆ, ಆದರೆ ತೆಗೆಯೋಕೆ ಮನಸ್ಸು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದವನು. ತೆಗೆದೂ ಬಿಟ್ಟೆ.

ನನ್ನ ಅಮ್ಮನಿಗೆ ಸ್ಟ್ರೋಕ್ ಆಗಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಪೂರ್ತಿ ನಿಂತಿತ್ತು. ನಮ್ಮ ಗುರುತು ಸಿಗುತ್ತಿತ್ತು, ನಾವು ಹೇಳಿದ್ದು ಅರ್ಥವಾಗುತ್ತಿತ್ತು. ಆದರೆ ನನ್ನ ಹೆಸರು ಹೇಳಲು ಹೋದರೆ ಬಾಯಲ್ಲಿ ಬೇರೇನೋ ಸದ್ದು ಬರುತ್ತಿತ್ತು. ಅದು ತಪ್ಪು ಅಂತ ಅವಳಿಗೇ ಗೊತ್ತಾಗಿ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಹಾಸಿಗೆ ಪಕ್ಕ ಕೂತು ಹಳೆಯ ಕೀರ್ತನೆಯೊಂದನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆ. ಎರಡನೇ ಸಾಲಿಗೆ ಅಮ್ಮ ಸೇರಿಕೊಂಡಳು. ಬರೀ ರಾಗ ಅಲ್ಲ, ಪದಗಳ ಸಮೇತ, ಸ್ಪಷ್ಟವಾಗಿ. ಎಡಗೈ ಮಂಚದ ಕಂಬಿಯ ಮೇಲೆ ತಾಳ ಹಾಕುತ್ತಿತ್ತು. ಒಂದು ಕಡೆ ನನಗೆ ಸಾಲು ಮರೆತುಹೋಯಿತು, ಅವಳು ಮರೆಯಲಿಲ್ಲ. ಹಾಡು ಮುಗಿದ ಮೇಲೆ "ನೀರು ಬೇಕಾ ಅಮ್ಮಾ" ಎಂದೆ. ಮತ್ತೆ ಅದೇ ಅರ್ಥವಾಗದ ಸದ್ದು.

ಸ್ಪೀಚ್ ಥೆರಪಿಸ್ಟ್ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಹೆಚ್ಚಿನವರಲ್ಲಿ ಮಾತಿನ ಕೆಲಸ ಮೆದುಳಿನ ಎಡಭಾಗದ್ದು. ಹಾಡಿಗೆ ಬಲಭಾಗದ ಆಸರೆಯೂ ಇರುತ್ತದೆ. ಎಡಕ್ಕೆ ಪೆಟ್ಟು ಬಿದ್ದು ಮಾತು ಹೋದರೂ ಬಾಯಿಪಾಠವಾದ ಹಾಡು ಉಳಿಯುವುದುಂಟು. 18ನೇ ಶತಮಾನದ ಸ್ವೀಡನ್‌ನಲ್ಲೇ ಇಂಥ ಒಬ್ಬನ ವಿಷಯ ದಾಖಲಾಗಿದೆ: ಬಲಭಾಗ ಬಿದ್ದುಹೋಗಿ ಮಾತು ನಿಂತವನು, ಮೊದಲು ಕಲಿತಿದ್ದ ಕೀರ್ತನೆಗಳನ್ನು ಹಾಡಬಲ್ಲವನಾಗಿದ್ದ. 1973ರಲ್ಲಿ ಅಮೆರಿಕದ ತಜ್ಞರು ಇದೇ ಗುಣ ಹಿಡಿದು, ರಾಗದಲ್ಲಿ ಹೇಳಿಸಿ ಮಾತು ಕಲಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. ಮೆಲೋಡಿಕ್ ಇಂಟೊನೇಷನ್ ಥೆರಪಿ ಅಂತ ಅದಕ್ಕೆ ಹೆಸರು. ಈ ವಿವರಣೆ ಕೇಳಿ ನನ್ನ ನಂಬಿಕೆಯೇನೂ ಕಡಿಮೆಯಾಗಲಿಲ್ಲ. ಅಮ್ಮನಿಗೆ ಆ ಹೊತ್ತಿನಲ್ಲಿ ಉಳಿದಿದ್ದ ಪದಗಳು ಯಾವುವು ಅನ್ನೋದಷ್ಟೇ ನನಗೆ ಮುಖ್ಯವಾಗಿತ್ತು.

ಕೆಲವೇ ದಿನಗಳಲ್ಲಿ ಒಂದು ಹಾಡು ಬರೆದೆ. ಅದರ ಚರಣ ಹೀಗಿತ್ತು:

ಬಲಗೈ ಮಲಗಿತ್ತು, ಎಡಗೈ ತಾಳ ಹಾಕಿತು
ನನ್ನ ಹೆಸರು ಬಾರದ ನಾಲಿಗೆ
ಯೇಸು, ನಿನ್ನ ಹೆಸರ ಹಾಡಿತು

ಫೋನಿನಲ್ಲೇ ರೆಕಾರ್ಡ್ ಮಾಡಿ ಕೆಲವರಿಗೆ ಕಳಿಸಿದೆ. ಅವರಲ್ಲೊಬ್ಬ ನನ್ನ ಜೊತೆ ಬೇಸ್ ಗಿಟಾರ್ ನುಡಿಸುತ್ತಿದ್ದ ಗೆಳೆಯ. ಅವನು ಕ್ರೈಸ್ತನಲ್ಲ. ರಾತ್ರಿ ಫೋನ್ ಮಾಡಿ "ಅಮ್ಮ ನಿಜವಾಗ್ಲೂ ಹಾಡಿದ್ರಾ?" ಎಂದು ಕೇಳಿದ. ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಇದನ್ನೆಲ್ಲ ನಂಬ್ತೀಯೇನೋ? ಯಾಕೆ ನಂಬ್ತೀಯಾ?" ಎಂದ. ಅಷ್ಟು ವರ್ಷ ಒಟ್ಟಿಗೆ ನುಡಿಸಿದ್ದೆವು. ಅಂಥ ಪ್ರಶ್ನೆ ಅವನು ಒಮ್ಮೆಯೂ ಕೇಳಿರಲಿಲ್ಲ, ನಾನೂ ಆ ಮಾತು ಎತ್ತಿರಲಿಲ್ಲ. ಅವತ್ತು ತುಂಬಾ ಹೊತ್ತು ಮಾತಾಡಿದೆವು.

ನನ್ನ ತಪ್ಪು ಶುರುವಾಗಿದ್ದು ಇದಾದ ಮೇಲೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದ್ರೆ ಒಂದೊಂದು ಹೆಜ್ಜೆಯೂ ಆಗ ನನಗೆ ಸರಿ ಅನಿಸಿತ್ತು. ನಿಮಗೂ ಹಾಗೇ ಅನಿಸಬಹುದು.

ಹಾಡು ಬಿಡುಗಡೆ ಮಾಡಿಸಿ ಅನುಭವ ಇದ್ದವರೊಬ್ಬರಿಗೆ ಕೇಳಿಸಿದೆ. ಟ್ಯೂನ್ ಇಷ್ಟವಾಯಿತು. "ಯೇಸು ಅನ್ನೋ ಒಂದು ಪದ ತೆಗೆದ್ರೆ ಇದು ಎಲ್ಲರ ಹಾಡಾಗುತ್ತೆ" ಎಂದರು. ಎರಡೇ ಅಕ್ಷರ ಅಲ್ವಾ, ಅಷ್ಟಕ್ಕೆ ಯಾಕೆ ಹಟ ಅಂದುಕೊಂಡೆ. ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನು, ಕೆಲವರನ್ನಾದರೂ ರಕ್ಷಿಸಲು ಎಲ್ಲರಿಗೂ ಎಲ್ಲವೂ ಆದೆ ಎನ್ನುತ್ತಾನಲ್ಲ, ಆ ವಚನ ನೆನಪಾಗಿ ಧೈರ್ಯವೂ ಬಂತು. "ಯೇಸು" ಇದ್ದ ಕಡೆ "ದೇವಾ" ಇಟ್ಟೆ. ತಾಳಕ್ಕೆ ಸರಿಯಾಗಿ ಕೂತಿತು. ಒಂದು ವಾರ ಬಿಟ್ಟು, ಅದೂ ಯಾಕೆ, ಬರೀ "ನೀನು" ಇದ್ದರೆ ಸಾಕು ಅನಿಸಿತು.

ಆಗ ಕೊನೆಯ ಸಾಲಿನಲ್ಲಿ ತೊಡಕು ಬಂತು. ನಾಲಿಗೆ ನಿನ್ನ ಹೆಸರ ಹಾಡಿತು. ಯಾರ ಹೆಸರು? ಇಡೀ ಹಾಡಿನಲ್ಲಿ ಹೆಸರೇ ಇಲ್ಲ. ಆ ಸಾಲು ತೆಗೆದೆ. ಅದು ಹೋದ ಮೇಲೆ ಅದರ ಹಿಂದಿನದು, ನನ್ನ ಹೆಸರು ಬಾರದ ನಾಲಿಗೆ, ಅದಕ್ಕೂ ಅರ್ಥ ಉಳಿಯಲಿಲ್ಲ. ಅದನ್ನೂ ತೆಗೆದೆ. ಇನ್ನು ಬಲಗೈ ಎಡಗೈ ಯಾಕೆ? ಗಾಡಿಯ ಕಡೆಗೀಲು ಎಳೆದ ಮೇಲೆ ಚಕ್ರ ನಿಲ್ಲುತ್ತದೆಯೇ? ಆ ಜಾಗಕ್ಕೆ ಹೊಸ ಚರಣ ಬರೆದೆ:

ಕತ್ತಲಲ್ಲಿ ಬೆಳಕಾಗಿ ಬಾ
ದಾರಿಯಲ್ಲಿ ಜೊತೆಯಾಗಿ ಬಾ

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಬರೆಯಲು ನನ್ನ ಅಮ್ಮನಿಗೆ ಸ್ಟ್ರೋಕ್ ಆಗಬೇಕಾಗಿರಲಿಲ್ಲ. ಪದ ಸಪ್ಪೆಯಾದಾಗ ನಿಧಾನದ ಟ್ಯೂನ್ ಎಳೆದ ಹಾಗೆ ಕೇಳಿಸಿತು, ಹಾಗಾಗಿ ವೇಗ ಹೆಚ್ಚಿಸಿದೆ. ವೇಗಕ್ಕೆ ತುಂಬು ಬೇಕು ಅಂತ ವಯಲಿನ್‌ಗಳನ್ನು ಸೇರಿಸಿದೆ. ಕೂಡಿಟ್ಟಿದ್ದ ದುಡ್ಡು ಸ್ಟುಡಿಯೋಗೆ, ಮಿಕ್ಸಿಂಗ್‌ಗೆ ಹೋಯಿತು. ರೆಕಾರ್ಡಿಂಗ್ ದಿನ ಗೆಳೆಯ "ಎಡಗೈ ಸಾಲು ಎಲ್ಲೋ?" ಎಂದು ಕೇಳಿದ. "ಜಾಸ್ತಿ ಪರ್ಸನಲ್ ಆಯ್ತು ಕಣೋ" ಎಂದೆ. ಅವನು ಮತ್ತೇನೂ ಹೇಳದೆ ತನ್ನ ಭಾಗ ನುಡಿಸಿದ.

ಹಾಡು ಹೊರಬಂತು. ಕೇಳಿದವರೆಲ್ಲ ಗೊತ್ತಿದ್ದವರೇ. ಚೆನ್ನಾಗಿದೆ ಎಂದರು. ಒಬ್ಬರು ಇದನ್ನು ಮದುವೆ ವಿಡಿಯೋಗೆ ಹಾಕಿಕೊಳ್ಳಬಹುದಾ ಎಂದು ಕೇಳಿದರು. ಸಭೆಯಲ್ಲಿ ಆರಾಧನೆಗೆ ಅದು ಒಗ್ಗಲಿಲ್ಲ, ಹೊರಗೆ ಅದರಂಥ ಹಾಡು ಬೇಕಾದಷ್ಟಿದ್ದವು. ನೀನು ಯಾರನ್ನು ನಂಬುತ್ತೀಯಾ ಎಂದು ಒಬ್ಬರೂ ಕೇಳಲಿಲ್ಲ. ಕೇಳೋಕೆ ಅದರಲ್ಲಿ ಏನೂ ಇರಲಿಲ್ಲ.

ದುಡ್ಡು ಹೋಗಿದ್ದರ ಬೇಜಾರು ಈಗಿಲ್ಲ. ಗೆಳೆಯನ ಜೊತೆ ಆ ರಾತ್ರಿ ಶುರುವಾಗಿದ್ದ ಮಾತು ನಿಂತುಹೋಯಿತಲ್ಲ, ಅದು ಇವತ್ತಿಗೂ ನೋಯಿಸುತ್ತದೆ. ಎಷ್ಟೋ ದಿನದ ಮೇಲೆ ನಾನೇ ಆ ವಿಷಯ ಎತ್ತಿದೆ. "ನೀನೇ ಅದನ್ನ ತೆಗೆದು ಹಾಕಿದೆ ಅಲ್ವಾ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಯಾರಿಗೆ ಮುಟ್ಟಲಿ ಎಂದು ನಾನು ಹೆಸರು ತೆಗೆದೆನೋ, ಅವನಿಗೆ ಹೆಸರಿದ್ದ ಹಾಡೇ ಮುಟ್ಟಿತ್ತು. ಹೊಸದನ್ನು ಕೇಳಿ, ಇವನಿಗೇ ಇದರ ಬಗ್ಗೆ ಗಟ್ಟಿ ಇಲ್ಲ ಅಂದುಕೊಂಡಿರಬೇಕು. ಹಾಗೆ ಅಂದುಕೊಳ್ಳಲು ನಾನೇ ಕಾರಣ ಕೊಟ್ಟೆ.

ಈಗ ನಿಮ್ಮ ಪ್ರಶ್ನೆ. ಹೆಸರು ಇಡಬೇಕಾ, ಬಿಡಬೇಕಾ ಅನ್ನೋದನ್ನೇ ನಾನು ಒಪ್ಪುವುದಿಲ್ಲ. ಎಸ್ತೇರಳ ಪುಸ್ತಕದ ಹೀಬ್ರೂ ಪಾಠದಲ್ಲಿ ದೇವರ ಹೆಸರು ಒಂದು ಕಡೆಯೂ ಬರುವುದಿಲ್ಲ, ಆದರೂ ಅದು ಬೈಬಲ್ಲಿನಲ್ಲಿದೆ. ಸಾಲಿಗೊಂದು ಸಲ ಯೇಸು ಯೇಸು ಎನ್ನುತ್ತಾ, ಹಾಡುವವನ ಬದುಕಿನ ಒಂದು ಚೂರೂ ಇಲ್ಲದ ಹಾಡುಗಳನ್ನು ನಾನೂ ಬರೆದಿದ್ದೇನೆ, ನೀವೂ ಕೇಳಿದ್ದೀರಿ. ಹೆಸರಿದ್ದರೂ ಅವು ಯಾರಿಗೂ ಏನೂ ಹೇಳುವುದಿಲ್ಲ. ನಿಮಗೆ ನಿಜವಾಗಿ ಆದದ್ದನ್ನು ಬರೆಯಿರಿ. ಅದರಲ್ಲಿ ಹೆಸರು ಬರಬೇಕಾದರೆ ಬಂದೇ ಬರುತ್ತದೆ, ಬಂದ ಮೇಲೆ ಮುಟ್ಟಬೇಡಿ.

ಎಲ್ಲರನ್ನೂ ಮುಟ್ಟಬೇಕು ಅನ್ನೋ ಆಸೆಯೇ ನನ್ನನ್ನು ಕೆಡಿಸಿದ್ದು. ಜಾನ್ ನ್ಯೂಟನ್ ಬರೆದ 'ಅಮೇಜಿಂಗ್ ಗ್ರೇಸ್' ಇವತ್ತು ಲೋಕಕ್ಕೇ ಗೊತ್ತು. ಅದನ್ನು ಆತ ಬರೆದದ್ದು ಇಂಗ್ಲೆಂಡಿನ ಓಲ್ನಿ ಎಂಬ ಸಣ್ಣ ಊರಿನಲ್ಲಿ ತಾನು ಪಾದ್ರಿಯಾಗಿದ್ದ ಸಭೆಗೆ, 1773ರ ಹೊಸವರ್ಷದ ದಿನದ ಆರಾಧನೆಗೆ. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು ಆತ. ತಾನು ನೀಚನಾಗಿದ್ದೆ ಎಂದು ಆ ಹಾಡಿನಲ್ಲಿ ಹೇಳಿಕೊಂಡದ್ದು ಸುಮ್ನೆ ಅಲಂಕಾರಕ್ಕಲ್ಲ. ಪುಸ್ತಕದಲ್ಲಿ ಅಚ್ಚಾದದ್ದು 1779ರಲ್ಲಿ. ನಾವೆಲ್ಲ ಹಾಡುವ ಟ್ಯೂನ್ ಅದಕ್ಕೆ ಜೋಡಿಯಾದದ್ದು 1835ರಲ್ಲಿ, ಆತ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಎಲ್ಲಿಯವರೆಗೆ ಹೋಗುತ್ತದೆ ಅನ್ನೋದು ಆತನ ಕೈಯಲ್ಲಿರಲಿಲ್ಲ.

ಹಾಗಾದ್ರೆ ಸೃಜನಶೀಲತೆಗೆ ಜಾಗ ಎಲ್ಲಿ ಅಂತ ಕೇಳಿದ್ದೀರಿ. ಸಂಗೀತದಲ್ಲಿದೆ, ಬೇಕಾದಷ್ಟಿದೆ. ಥಾಮಸ್ ಡಾರ್ಸಿಯನ್ನು ನೋಡಿ. ಮಾ ರೇನಿಯಂಥ ಗಾಯಕಿಗೆ ಪಿಯಾನೋ ನುಡಿಸಿದವನು, ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಕಲಾವಿದ. 1932ರಲ್ಲಿ ಆತ ಸೇಂಟ್ ಲೂಯಿಸ್‌ನಲ್ಲಿ ಹಾಡಲು ಹೋಗಿದ್ದಾಗ, ಷಿಕಾಗೋದಲ್ಲಿದ್ದ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ, ನಾನು ದಣಿದಿದ್ದೇನೆ, ಕರ್ತನೇ ನನ್ನ ಕೈ ಹಿಡಿ ಎಂಬ ಹಾಡು ಹುಟ್ಟಿತು. ಆತ ಕರ್ತನನ್ನು ಹಾಡಿನಿಂದ ತೆಗೆಯಲಿಲ್ಲ. ತನಗೆ ಗೊತ್ತಿದ್ದ ಬ್ಲೂಸ್ ಅನ್ನು ಸಭೆಯೊಳಗೆ ತಂದ. ಎಷ್ಟೋ ಚರ್ಚ್‌ಗಳು ಮೊದಮೊದಲು ಆ ಶೈಲಿಯನ್ನು ಹತ್ತಿರ ಸೇರಿಸಲಿಲ್ಲ, ಆತ ಬಿಡಲಿಲ್ಲ. ನನ್ನ ಪ್ರಕಾರ ಧೈರ್ಯ ಅಲ್ಲಿ ಬೇಕು. ನಾವು ಪದಗಳಲ್ಲಿ ಅಂಜುತ್ತೇವೆ, ಟ್ಯೂನ್ ಮಾತ್ರ ಕಳೆದ ವರ್ಷ ಹಿಟ್ ಆದದ್ದರ ನಕಲು. ಇದು ತಿರುಗುಮುರುಗು.

ಹಾಡುವ ಜಾಗವೂ ಚರ್ಚ್ ಆಗಿರಲೇಬೇಕಿಲ್ಲ. ಕ್ರಿಸ್ತನ ಬಗ್ಗೆ ಹ್ಯಾಂಡೆಲ್ ರಚಿಸಿದ ದೊಡ್ಡ ಗಾಯನ ಕೃತಿ 'ಮೆಸ್ಸಾಯ' ಮೊದಲು ಕೇಳಿಸಿದ್ದು 1742ರಲ್ಲಿ ಡಬ್ಲಿನ್‌ನ ಒಂದು ಸಂಗೀತ ಸಭಾಂಗಣದಲ್ಲಿ. ಬಂದ ಹಣ ಧರ್ಮಕಾರ್ಯಕ್ಕೆ ಹೋಯಿತು, ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರ ಬಿಡುಗಡೆಗೂ ಹೋಯಿತು. ಆದರೆ ಹೊರಗೆ ಹಾಡಲು ಕರೆದರೆ, ನಾನು ಹಾಡುವುದು ಇಂಥ ಹಾಡು ಎಂದು ಮೊದಲೇ ಹೇಳಿಬಿಡಿ. ಬೇಡ ಎಂದರೆ ಬೇಡ. ಒಪ್ಪಿದರೆ ಹಾಡಿ ಇಳಿದು ಬನ್ನಿ, ಹಾಡಿನ ಕೊನೆಗೆ ಉಪದೇಶ ಅಂಟಿಸಬೇಡಿ.

ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಪೌಲ, ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿದ್ದಾರೆ. ಏಟು ತಿಂದಿದ್ದಾರೆ, ಕಾಲಿಗೆ ಕೊಳ ಬಿದ್ದಿದೆ. ಮಧ್ಯರಾತ್ರಿ ದೇವರಿಗೆ ಹಾಡುತ್ತಾರೆ, ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಾರೆ. ಅವರು ಕೈದಿಗಳಿಗೆಂದು ಹಾಡು ಬದಲಾಯಿಸಲಿಲ್ಲ. ನಾನು ಸ್ಟುಡಿಯೋಗೆ ಹೋಗುವ ಮೊದಲು ಆ ಒಂದು ವಚನದ ಮೇಲೆ ಕೂತು ಯೋಚಿಸಬೇಕಿತ್ತು.

ಅಣ್ಣನ ಸಾವಿನ ಮೇಲೆ ಬರೆದ ಹಾಡೊಂದಿದೆ, ಅದರಲ್ಲಿ ದೇವರ ಮೇಲೆ ಸಿಟ್ಟಿದೆ, ಸುವಾರ್ತೆಗೆ ಅದು ಸಲ್ಲುವುದಿಲ್ಲ ಅಂತ ಕೊನೆಯಲ್ಲಿ ಬರೆದಿದ್ದೀರಿ. ಯಾರು ಹೇಳಿದ್ದು ನಿಮಗೆ? ಬೈಬಲ್ಲಿನ 88ನೇ ಕೀರ್ತನೆ ಕತ್ತಲಿನ ಮಾತಿನಲ್ಲೇ ಮುಗಿಯುತ್ತದೆ. ಕೊನೆಗೆ ಎಲ್ಲ ಸರಿಯಾಯಿತು ಎಂದು ಅದರಲ್ಲಿಲ್ಲ. ಅದೂ ಆರಾಧನೆಯ ಹಾಡೇ. ಶುರು ಮಾಡುವುದಾದರೆ ಆ ಹಾಡಿನಿಂದಲೇ ಶುರು ಮಾಡಿ. ಕೊನೆಯಲ್ಲಿ ಸಮಾಧಾನದ ಸಾಲು ಬಾರದಿದ್ದರೆ ಎಳೆದು ತರಬೇಡಿ. ನಿಮ್ಮ ಮನೆಯವರನ್ನು ಮಾತ್ರ ಮೊದಲು ಕೇಳಿ. ಅವರಿಗೂ ಅವನು ಅಣ್ಣನೋ ಮಗನೋ ಅಲ್ವಾ. ನಾನು ಹಳೆಯ ಚರಣ ಇಟ್ಟುಕೊಂಡು ಈಗ ಹಾಡುವುದು ಅಮ್ಮನ ಒಪ್ಪಿಗೆ ಕೇಳಿದ ಮೇಲೆಯೇ. ತಲೆ ಆಡಿಸಿದಳು.

ಇನ್ನೆರಡು ಮಾತು. ಸಭೆ ಹಾಡಬೇಕು ಅಂದ್ರೆ ನಿಮ್ಮ ಗಂಟಲಿಗೆ ಶ್ರುತಿ ಇಡಬೇಡಿ. ಸಂಗೀತ ಕಲಿಯದ ಜನಕ್ಕೆ ಒಂದು ಸ್ಥಾಯಿ, ಅದರ ಮೇಲೆ ಎರಡು ಮೂರು ಸ್ವರ, ಅಷ್ಟೇ ಸಲೀಸು. ಎತ್ತರದ ಸ್ವರ ಒಮ್ಮೆ ಮುಟ್ಟಿ ಬಂದರೆ ಪರವಾಗಿಲ್ಲ, ಇಡೀ ಪಲ್ಲವಿ ಅಲ್ಲೇ ನಿಂತರೆ ಜನ ಬಾಯಿ ಮುಚ್ಚಿ ನಿಮ್ಮನ್ನು ನೋಡುತ್ತಾ ನಿಲ್ಲುತ್ತಾರೆ. ರೆಕಾರ್ಡಿಂಗ್‌ಗೆ ಮೊದಲು ನಾಲ್ಕು ಜನರಿಂದ ಹಾಡಿಸಿ ನೋಡಿ. ಎಲ್ಲಿ ಉಸಿರು ಸಾಲುತ್ತಿಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಹಳೆಯ ಕೀರ್ತನೆಗಳನ್ನೂ ಸೇರಿಸಿ ಆಲ್ಬಮ್ ಮಾಡುತ್ತೇನೆ ಎಂದಿದ್ದೀರಿ. ಹಳೆಯದೆಲ್ಲ ಬಿಟ್ಟಿ ಸಿಗುವುದಿಲ್ಲ. 'ಹೌ ಗ್ರೇಟ್ ದೌ ಆರ್ಟ್' ಹಾಡಿನ ಮೂಲ ಸ್ವೀಡಿಷ್ ಪದ್ಯವನ್ನು ಕಾರ್ಲ್ ಬೋಬರ್ಗ್ ಬರೆದದ್ದು 1885ರಲ್ಲಿ, ಅದರ ಹಕ್ಕು ಮುಗಿದಿದೆ. ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಪದಗಳು ಸ್ಟುವರ್ಟ್ ಹೈನ್ ಅವರವು. ಅವರು ತೀರಿಕೊಂಡದ್ದು 1989ರಲ್ಲಿ, ಹಾಗಾಗಿ ಅವು ಇನ್ನೂ ಹಕ್ಕುಸ್ವಾಮ್ಯದಲ್ಲಿವೆ. ಪದ, ಟ್ಯೂನ್, ಅನುವಾದ ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸಿ, ಬೇಕಾದ ಕಡೆ ಅನುಮತಿ ಬರಹದಲ್ಲಿ ಪಡೆದು, ಆಮೇಲೆ ಸ್ಟುಡಿಯೋ ಬುಕ್ ಮಾಡಿ. ನಿಮ್ಮ ಅಣ್ಣನ ಹಾಡಿಗೆ ಇದ್ಯಾವುದೂ ಬೇಕಿಲ್ಲ. ಅದನ್ನು ಈ ವಾರವೇ ಫೋನಿನಲ್ಲಿ ರೆಕಾರ್ಡ್ ಮಾಡಬಹುದು.