ಡಾಕ್‌ಗೆ ಹಾಕಿದರೆ ಮೌಸ್ ಏಕೆ ತೇಲುತ್ತದೆ?

ಪ್ರಶ್ನೆ: ಕೈಯಲ್ಲಿ ಹಿಡಿದು ಆಡುವ ವಿಂಡೋಸ್ ಗೇಮಿಂಗ್ ಕಂಪ್ಯೂಟರ್ (ಹ್ಯಾಂಡ್‌ಹೆಲ್ಡ್) ಆದ ನನ್ನ ಆರ್‌ಒಜಿ ಅಲೈಯನ್ನು ಒಂದು ಯುಎಸ್‌ಬಿ-ಸಿ ಹಬ್ (ಡಾಕ್) ಮೂಲಕ 4ಕೆ ಟಿವಿಗೆ ಸೇರಿಸಿದ್ದೇನೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಮೌಸ್ ಪಾಯಿಂಟರ್ ಕೈಗಿಂತ ಹಿಂದೆ ಹಿಂದೆಯೇ ತೇಲುತ್ತದೆ. ಮೌಸ್ ಬದಲಿಸಿದರೂ ಅದೇ ಕಥೆ. (ಹುಬ್ಬಳ್ಳಿ)

ಉತ್ತರ: ಮೌಸ್ ಸರಿಯಾಗಿಯೇ ಇದೆ, ಅದಕ್ಕೆ ಇನ್ನು ದುಡ್ಡು ಹಾಕಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಹೋಗಿ, ಮೇಲಿನ ಪಟ್ಟಿಯಲ್ಲಿ ಟಿವಿಯನ್ನು ಆರಿಸಿ, ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. ಬಹುತೇಕ 30 ಹರ್ಟ್ಸ್ ಇರುತ್ತದೆ. ಅಂದರೆ ಪರದೆ 33 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತಿದೆ. ಸಿನಿಮಾ ನೋಡುವಾಗ ಇದು ಕಣ್ಣಿಗೆ ಬೀಳುವುದಿಲ್ಲ, ಮೌಸ್ ಹಿಡಿದ ಕೈಗೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಕಾರಣ ಹಬ್‌ನಲ್ಲಿದೆ. ಯುಎಸ್‌ಬಿ-ಸಿ ಕೇಬಲ್‌ನಲ್ಲಿ ವೇಗದ ಸಂಕೇತಕ್ಕೆಂದು ಇರುವುದು ನಾಲ್ಕು ಜೋಡಿ ತಂತಿ. ಹಬ್‌ನಲ್ಲಿ ಯುಎಸ್‌ಬಿ 3 ಪೋರ್ಟ್‌ಗಳಿದ್ದರೆ ಸಾಮಾನ್ಯವಾಗಿ ಎರಡು ಜೋಡಿ ಅವಕ್ಕೆ ಹೋಗಿ, ಚಿತ್ರಕ್ಕೆ ಉಳಿಯುವುದು ಎರಡೇ. ಹಬ್‌ನೊಳಗಿನ ಚಿಪ್ ಡಿಸ್‌ಪ್ಲೇಪೋರ್ಟ್ (ಚಿತ್ರ ಸಾಗಿಸುವ ಮಾನದಂಡ) 1.2ರದ್ದಾದರೆ ಆ ಎರಡು ಜೋಡಿಯಲ್ಲಿ ಸಾಗುವುದು ಸೆಕೆಂಡಿಗೆ 8.64 ಗಿಗಾಬಿಟ್. ಫ್ರೇಮ್‌ಗಳ ನಡುವಿನ ಖಾಲಿ ಅವಧಿಯನ್ನು ಕನಿಷ್ಠಕ್ಕೆ ಇಳಿಸಿದರೂ 4ಕೆ 60 ಹರ್ಟ್ಸ್‌ಗೆ ಬೇಕಾಗುವುದು ಸುಮಾರು 12.5. ಅಷ್ಟು ಹಿಡಿಸದ್ದಕ್ಕೆ ಹಬ್ 30ಕ್ಕೆ ಇಳಿಯುತ್ತದೆ. ಚಿಪ್ 1.4ರದ್ದಾದರೆ ಅದೇ ಎರಡು ಜೋಡಿಯಲ್ಲಿ 12.96 ಸಿಗುತ್ತದೆ, ಕೂದಲೆಳೆಯಷ್ಟು ಅಂತರದಲ್ಲಿ 60 ಹರ್ಟ್ಸ್ ಕೂರುತ್ತದೆ. ಅಂಥ ಹಬ್‌ನಲ್ಲೂ ಎಚ್‌ಡಿಆರ್ (ಬೆಳಕು, ಬಣ್ಣದ ವ್ಯಾಪ್ತಿ ಹಿಗ್ಗಿಸುವ ಆಯ್ಕೆ) ಆನ್ ಮಾಡಿದರೆ ಜಾಗ ಸಾಲದೆ ಬಣ್ಣದ ವಿವರ ಕಡಿತವಾಗುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರದ ಅಂಚು ಕಲಸಿದಂತೆ ಕಂಡರೆ ಅದೇ ಗುರುತು.

ಹೊಸ ಹಬ್ ಕೊಳ್ಳುವ ಮುಂಚೆ ರೆಸಲ್ಯೂಶನ್ 1920×1080ಕ್ಕೆ ಇಳಿಸಿ 60 ಹರ್ಟ್ಸ್ ಆರಿಸಿ. ಟಿವಿ ಒಪ್ಪಿದರೆ 120 ಕೂಡ ಸಿಗಬಹುದು. ನಮ್ಮ ಸಲಹೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಅಲೈನ ಸ್ವಂತ ಪರದೆಯೇ 1080ರದ್ದು, ದೊಡ್ಡ ಆಟಗಳನ್ನು ನಿಜವಾದ 4ಕೆಯಲ್ಲಿ ಓಡಿಸುವ ತ್ರಾಣ ಅದಕ್ಕಿಲ್ಲ. ಬಳಿಕ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಚಿತ್ರವನ್ನು ನಯಗೊಳಿಸಲು ಟಿವಿ ತನ್ನೊಳಗೆ ತಡೆಹಿಡಿಯುವ ಸಮಯ ಆಗ ಕಡಿಮೆಯಾಗುತ್ತದೆ. ಚಿತ್ರದ ಅಂಚು ಕತ್ತರಿಸಿ ಟಾಸ್ಕ್‌ಬಾರ್ ಅರ್ಧ ಕಂಡರೆ ಅದು ಓವರ್‌ಸ್ಕ್ಯಾನ್. ಟಿವಿಯ ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಆರಿಸಿ.

4ಕೆಯೇ ಬೇಕೆಂದರೆ, ಪೆಟ್ಟಿಗೆಯ ಮೇಲೆ ಬರೀ '4ಕೆ' ಎಂದಿರುವ ಹಬ್ ಬೇಡ, ಅದು ಹೆಚ್ಚಾಗಿ 30ರದ್ದೇ. '4ಕೆ 60 ಹರ್ಟ್ಸ್' ಎಂದು ಬಿಡಿಸಿ ಬರೆದಿರಬೇಕು. ಎಚ್‌ಡಿಎಂಐ ಕೇಬಲ್ 2 ಮೀಟರ್ ಒಳಗಿರಲಿ. ಅನೇಕ ಟಿವಿಗಳಲ್ಲಿ ಪ್ರತಿ ಎಚ್‌ಡಿಎಂಐ ಪೋರ್ಟ್‌ಗೂ ಅಲ್ಟ್ರಾ ಎಚ್‌ಡಿ ಕಲರ್ ಎಂಬರ್ಥದ ಆಯ್ಕೆ ಬೇರೆ ಬೇರೆ ಇರುತ್ತದೆ. ಅದು ಆಫ್ ಇದ್ದರೆ ಒಳ್ಳೆಯ ಹಬ್ ತಂದರೂ ಪೂರ್ಣ ಬಣ್ಣದ 60 ಹರ್ಟ್ಸ್ ಸಿಗುವುದಿಲ್ಲ.

ಪ್ರಶ್ನೆ: ರೆಸಲ್ಯೂಶನ್, ರಿಫ್ರೆಶ್ ರೇಟ್ ಎರಡೂ ಸರಿ ಇವೆ. ಆದರೂ ವೈರ್‌ಲೆಸ್ ಮೌಸ್ ತಡೆತಡೆದು ಜಿಗಿಯುತ್ತದೆ. ಹಬ್‌ಗೆ ಆಟಗಳಿರುವ ಎಸ್‌ಎಸ್‌ಡಿ ಚುಚ್ಚಿದಾಗ ಇನ್ನೂ ಹೆಚ್ಚು. (ಬೆಂಗಳೂರು)

ಉತ್ತರ: ಎಸ್‌ಎಸ್‌ಡಿ ವಿಷಯ ಬರೆದಿದ್ದು ಒಳ್ಳೆಯದಾಯಿತು, ರೋಗ ಅಲ್ಲೇ ಇದೆ. ಯುಎಸ್‌ಬಿ 3ರ 5 ಗಿಗಾಬಿಟ್ ಸಂಕೇತ ಹೊರಸೂಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ. 2012ರಲ್ಲೇ ಇಂಟೆಲ್ ಇದನ್ನು ಅಳೆದು ಪ್ರಕಟಿಸಿದೆ. ನಿಮ್ಮ ಮೌಸ್ ಮಾತಾಡುವುದೂ ಅದೇ ಪಟ್ಟಿಯಲ್ಲಿ. ಡಾಂಗಲ್‌ನ (ಮೌಸ್‌ನ ಸಂಕೇತ ಹಿಡಿಯಲು ಹಬ್‌ಗೆ ಚುಚ್ಚುವ ಪುಟ್ಟ ರಿಸೀವರ್) ಪಕ್ಕದ ಪೋರ್ಟ್‌ನಲ್ಲೇ ಎಸ್‌ಎಸ್‌ಡಿ ಕೂತರೆ, ಮೂರು ಮೀಟರ್ ದೂರದಿಂದ ಬರುವ ಮೌಸ್‌ನ ಸಣ್ಣ ದನಿ ಆ ಗದ್ದಲದಲ್ಲಿ ಮುಳುಗುತ್ತದೆ.

ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ತಂದು, ಡಾಂಗಲ್ ಅದರ ತುದಿಗೆ ಹಾಕಿ, ಮೌಸ್‌ಗೆ ಕಾಣುವ ಹಾಗೆ ಟೇಬಲ್ ಮೇಲಿಡಿ. 2.0 ಎಂದದ್ದು ಬೇಕೆಂದೇ. ಡಾಂಗಲ್‌ಗೆ ಅಷ್ಟು ವೇಗ ಸಾಕು, ಮತ್ತು ಗದ್ದಲ ಮಾಡುವ ಯುಎಸ್‌ಬಿ 3ರ ತಂತಿಗಳೇ ಆ ಕೇಬಲ್‌ನಲ್ಲಿ ಇರುವುದಿಲ್ಲ. ಬ್ಲೂಟೂತ್‌ಗೆ ಹೋಗಿ ತಪ್ಪಿಸಿಕೊಳ್ಳಲಾಗದು, ಅದೂ 2.4ರಲ್ಲೇ ಇರುವುದು. ವೈಫೈ ಮಾತ್ರ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಮೌಸ್‌ನಲ್ಲಿ 8000 ಹರ್ಟ್ಸ್ ಪೋಲಿಂಗ್ (ಸೆಕೆಂಡಿಗೆ ಎಷ್ಟು ಸಲ ತನ್ನ ಸ್ಥಾನ ತಿಳಿಸುತ್ತದೆ ಎಂಬುದು) ಇದ್ದರೆ 1000ಕ್ಕೆ ಇಳಿಸಿ, ಹ್ಯಾಂಡ್‌ಹೆಲ್ಡ್‌ನ ಪ್ರೊಸೆಸರ್‌ಗೆ ಅದು ವೃಥಾ ಹೊರೆ.

ಪ್ರಶ್ನೆ: ಡಾಕ್ ಮಾಡಿದಾಗ ಪಾಯಿಂಟರ್ ಆಗಾಗ ಮಾಯವಾಗುತ್ತದೆ. ಕೆಲವೊಮ್ಮೆ ಮೌಸ್ ಮುಟ್ಟದಿದ್ದರೂ ಮೂಲೆಗೆ ತೆವಳುತ್ತದೆ. (ಶಿವಮೊಗ್ಗ)

ಉತ್ತರ: ಇವು ಎರಡು ಬೇರೆ ತೊಂದರೆ. ಮಾಯವಾದ ಪಾಯಿಂಟರ್ ಹ್ಯಾಂಡ್‌ಹೆಲ್ಡ್‌ನ ಪುಟ್ಟ ಪರದೆಗೆ ಹೋಗಿರುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ, ಸೆಕೆಂಡ್ ಸ್ಕ್ರೀನ್ ಓನ್ಲಿ ಆರಿಸಿ.

ತೆವಳುವುದಕ್ಕೆ ಒಂದು ಪರೀಕ್ಷೆ ಇದೆ. ಮೌಸ್ ಕಳಚಿ ಅರ್ಧ ನಿಮಿಷ ನೋಡಿ. ಆಗಲೂ ತೆವಳಿದರೆ ಅದು ಹ್ಯಾಂಡ್‌ಹೆಲ್ಡ್‌ನಲ್ಲಿ ಹೆಬ್ಬೆರಳಿಂದ ತಿರುಗಿಸುವ ಅನಲಾಗ್ ಸ್ಟಿಕ್‌ನ ಕೆಲಸ. ಡೆಸ್ಕ್‌ಟಾಪ್ ಮೋಡ್‌ನಲ್ಲಿ ಸ್ಟಿಕ್ಕೇ ಮೌಸ್ ಆಗುವುದರಿಂದ, ಅದು ನಡುವಿಗೆ ಸರಿಯಾಗಿ ಮರಳದಿದ್ದರೆ ಪಾಯಿಂಟರ್ ಸರಿಯುತ್ತಲೇ ಇರುತ್ತದೆ. ಅಲೈನಲ್ಲಾದರೆ ಕಮಾಂಡ್ ಸೆಂಟರ್‌ನ ಕಂಟ್ರೋಲ್ ಮೋಡ್ ಅನ್ನು ಆಟೋದಿಂದ ಗೇಮ್‌ಪ್ಯಾಡ್‌ಗೆ ಬದಲಿಸಿ. ನಿಲ್ಲದಿದ್ದರೆ ಆಟಗಳ ಆ್ಯಪ್ ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್‌ಗೆ ಹೋಗಿ ಡೆಸ್ಕ್‌ಟಾಪ್ ಲೇಔಟ್ ಕೂಡ ನಿಲ್ಲಿಸಿ, ಸ್ಟಿಕ್ಕನ್ನು ಮೌಸ್ ಮಾಡುವ ಚಾಳಿ ಅದಕ್ಕೂ ಇದೆ.

ಪ್ರಶ್ನೆ: ಸ್ಟೀಮ್ ಡೆಕ್ ಎಂಬ ಹ್ಯಾಂಡ್‌ಹೆಲ್ಡ್‌ನಿಂದ ಮಾನಿಟರ್‌ಗೆ ಹಾಕಿದರೆ ಮೆನು ಸ್ಪಷ್ಟ, ಆಟ ಮಾತ್ರ ಮಸುಕು. (ಮೈಸೂರು)

ಉತ್ತರ: ಡೆಕ್‌ನ ಗೇಮಿಂಗ್ ಮೋಡ್‌ನಲ್ಲಿ (ಟಿವಿಯ ಗೇಮ್ ಮೋಡ್ ಅಲ್ಲ) ನೀವು ಬದಲಿಸದಿದ್ದರೆ ಆಟಗಳು ಅದರ ಸ್ವಂತ 1280×800ರಲ್ಲೇ ಓಡಿ, ಅದನ್ನೇ ಹಿಗ್ಗಿಸಿ ಕಳಿಸಲಾಗುತ್ತದೆ. ಆಟದ ಪ್ರಾಪರ್ಟೀಸ್‌ನಲ್ಲಿ ಗೇಮ್ ರೆಸಲ್ಯೂಶನ್ ಅನ್ನು 1920×1080 ಮಾಡಿ, ಆಮೇಲೆ ಆಟದ ಒಳಗಿನ ಮೆನುವಿನಲ್ಲೂ ಅದನ್ನೇ ಆರಿಸಿ. ಒಂದೇ ಕಡೆ ಬದಲಿಸಿದರೆ ಆಗದು.

ಪ್ರಶ್ನೆ: ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವಾಗ ಟಿವಿ ಕಪ್ಪಾಗಿ, ಮೌಸ್ ಸಾಯುತ್ತದೆ. ಹ್ಯಾಂಡ್‌ಹೆಲ್ಡ್ ಮಾತ್ರ ಆನ್ ಇರುತ್ತದೆ. (ಕಲಬುರಗಿ)

ಉತ್ತರ: ಹ್ಯಾಂಡ್‌ಹೆಲ್ಡ್‌ಗೆ ಬ್ಯಾಟರಿ ಇದೆ, ಹಬ್‌ಗೆ ಇಲ್ಲ. ಚಾರ್ಜರ್ ಒಂದು ಕ್ಷಣ ತಪ್ಪಿದರೂ ಹಬ್ ಮರುಪ್ರಾರಂಭವಾಗಿ ಚಿತ್ರ, ಯುಎಸ್‌ಬಿ ಎಲ್ಲವನ್ನೂ ಬಿಟ್ಟು ಹಿಡಿಯುತ್ತದೆ. ಹಬ್‌ನ ಚಾರ್ಜರನ್ನು ಕಂಪ್ಯೂಟರ್ ಯುಪಿಎಸ್‌ಗೆ ಹಾಕಿ. ಹಾಗೆಯೇ ಚಾರ್ಜರ್ 100 ವಾಟ್‌ನದು ಇರಲಿ. 65 ವಾಟ್‌ನದಾದರೆ ಹಬ್ ತನ್ನ ಪಾಲಿಗೆ 10ರಿಂದ 15 ವಾಟ್ ಇಟ್ಟುಕೊಂಡು ಉಳಿದದ್ದನ್ನಷ್ಟೇ ದಾಟಿಸುತ್ತದೆ, ಅಲೈನ 30 ವಾಟ್ ಟರ್ಬೋ (ಅದರ ಅತಿ ವೇಗದ ಮೋಡ್) ಆಗ ಸಿಗದೇ ಹೋಗಬಹುದು. ಮತ್ತೆ ಜೋಡಿಸುವಾಗ ಮೊದಲು ಹಬ್‌ಗೆ ಕರೆಂಟ್, ಆಮೇಲೆ ಎಚ್‌ಡಿಎಂಐ, ಕೊನೆಗೆ ಹ್ಯಾಂಡ್‌ಹೆಲ್ಡ್.