ಗಮನ ಎಲ್ಲಿಗೂ ಓಡಿಹೋಗಿಲ್ಲ

ಓದುಗರ ಪತ್ರ:
ಮಾನ್ಯ ಸಂಪಾದಕರೇ, ಸಣ್ಣ ವ್ಯಾಪಾರಿಗಳಿಗೆ ಲೆಕ್ಕಪತ್ರದ ತಂತ್ರಾಂಶ ತಯಾರಿಸಿ ಮಾರುವ ಸಂಸ್ಥೆ ನಮ್ಮದು. ಕಳೆದ ವರ್ಷ ಜಾಹೀರಾತಿಗೆ ಸಾಕಷ್ಟು ಹಣ ಸುರಿದರೂ ಯಾರೂ ತಿರುಗಿ ನೋಡಲಿಲ್ಲ. ಜನರ ಗಮನ ಈಗ ಎಂಟೇ ಸೆಕೆಂಡಿಗೆ ಇಳಿದಿದೆಯಂತೆ. ಬಣ್ಣ, ಸಂಗೀತ, ಒಬ್ಬ ಜನಪ್ರಿಯ ನಟ ಇಲ್ಲದೆ ಇನ್ನು ಯಾರನ್ನಾದರೂ ಸೆಳೆಯಲು ಸಾಧ್ಯವೇ? ನಮ್ಮ ಹಿರಿಯ ಅಧಿಕಾರಿಗಳೆಲ್ಲ ಕೂತು ಅಂತಿಮಗೊಳಿಸಿದ ಜಾಹೀರಾತಿನ ಪ್ರತಿಯನ್ನು, ಸಭೆಯಲ್ಲಿದ್ದವರ ಪಟ್ಟಿಯೊಂದಿಗೆ ಲಗತ್ತಿಸಿದ್ದೇನೆ. ತಮ್ಮ ಅಭಿಪ್ರಾಯ ತಿಳಿಸಿ.
— ಒಬ್ಬ ಓದುಗ

ಸಂಪಾದಕರ ಉತ್ತರ:

ನಿಮ್ಮ ಪತ್ರಕ್ಕಿಂತ ಹೆಚ್ಚು ಹೊತ್ತು ನಿಮ್ಮ ಜಾಹೀರಾತನ್ನೇ ನೋಡಿದೆ. ನೇರವಾಗಿ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಜಾಹೀರಾತು ಸೊರಗಿದ್ದಕ್ಕೆ ನೀವು ಜನರ ತಾಳ್ಮೆಯನ್ನು ದೂರುತ್ತಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು.

ಮೊದಲು ಆ ಎಂಟು ಸೆಕೆಂಡಿನ ಕಥೆ ಮುಗಿಸೋಣ. ಮನುಷ್ಯನ ಗಮನ ಗೋಲ್ಡ್‌ಫಿಷ್‌ಗಿಂತಲೂ ಕಡಿಮೆ ಎಂಬ ಮಾತು 2015ರಲ್ಲಿ ಒಂದು ದೊಡ್ಡ ಕಂಪನಿಯ ವರದಿಯ ಬೆನ್ನೇರಿ ಲೋಕವೆಲ್ಲ ಸುತ್ತಿತು. ಅದರ ಮೂಲ ಹುಡುಕಿಕೊಂಡು ಹೊರಟ ಪತ್ರಕರ್ತರಿಗೆ ಸಂಶೋಧನೆ ಎನ್ನಬಹುದಾದದ್ದು ಏನೂ ಸಿಗಲಿಲ್ಲ. ಪಾಪ, ಮೀನಿಗೂ ಅಪವಾದ ಬಂತು. ಆದರೂ ಆ ಅಂಕಿ ಸಾಯುವುದಿಲ್ಲ, ಏಕೆಂದರೆ ಅದರಿಂದ ಹೊಟ್ಟೆ ಹೊರೆಯುವವರು ಬಹಳ ಮಂದಿ ಇದ್ದಾರೆ. ಗಮನ ಸತ್ತಿದೆ ಎಂದು ಹೆದರಿಸಿದರೆ ತಾನೇ ಅದನ್ನು ಬದುಕಿಸುವ ಮದ್ದು ಮಾರಲು ಸಾಧ್ಯ? ಎಂಟು ಸೆಕೆಂಡು ನಿಲ್ಲಲಾರದವನೆಂದು ನೀವು ಬೈಯುವ ಇದೇ ಮನುಷ್ಯ, ಬೆನ್ನುನೋವು ಬಂದ ರಾತ್ರಿ ಬೆನ್ನುಮೂಳೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಅರ್ಥವಾಗದ ವೈದ್ಯಕೀಯ ಪದಗಳನ್ನೂ ಬಿಡುವುದಿಲ್ಲ. ಅವನಿಗೆ ಆಗ ಬಣ್ಣವೂ ಬೇಡ, ನಟನೂ ಬೇಡ.

ಈ ವಿಷಯದಲ್ಲಿ ನನಗೆ ಇಷ್ಟವಾದ ಹಳೆಯ ಪ್ರಯೋಗಗಳಿವೆ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಜನರ ಎರಡು ಕಿವಿಗಳಿಗೆ ಎರಡು ಬೇರೆ ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಗಟ್ಟಿಯಾಗಿ ಮರುನುಡಿಯಲು ಹೇಳಿದರು. ಇನ್ನೊಂದು ಕಿವಿಯಲ್ಲಿ ಬರುತ್ತಿದ್ದ ಇಂಗ್ಲಿಷ್ ನಡುವೆ ಜರ್ಮನ್‌ಗೆ ತಿರುಗಿದರೂ ಕೇಳುಗರಿಗೆ ಅದು ಗೊತ್ತಾಗಲಿಲ್ಲ. 1959ರಲ್ಲಿ ನೆವಿಲ್ ಮೊರೆ ಅಂಥದೇ ಪ್ರಯೋಗ ಮಾಡಿ, ಗಮನ ಕೊಡದ ಆ ಕಿವಿಯಲ್ಲಿ ಕೇಳುಗನ ಹೆಸರನ್ನೇ ತೂರಿಸಿದರು. ಸುಮಾರು ಮೂರನೇ ಒಂದು ಭಾಗದಷ್ಟು ಜನ ಅದನ್ನು ಹಿಡಿದರು! ದನಿ ಏರಿಸಿರಲಿಲ್ಲ, ತಮಟೆ ಬಾರಿಸಿರಲಿಲ್ಲ. ತನಗೆ ಸಂಬಂಧಿಸಿದ್ದು ಬಂದರೆ ಒಳಗೆ ಬಿಡಲು ಬಾಗಿಲಲ್ಲಿ ಯಾರೋ ಕಾದು ಕೂತಿರುತ್ತಾರೆ. ಹೆಸರಿನಷ್ಟೇ ಬೇಗ ಆ ಬಾಗಿಲು ದಾಟುವುದು, ನನ್ನ ಬಲವಾದ ನಂಬಿಕೆಯಂತೆ, ಅವರವರ ತೊಂದರೆ.

ಈಗ ನಿಮ್ಮ ಜಾಹೀರಾತಿಗೆ ಬರೋಣ. ಮೇಲೆ ಸಂಸ್ಥೆಯ ಲಾಂಛನ. ಪಕ್ಕದಲ್ಲಿ ಸಂಸ್ಥಾಪಕರ ಭಾವಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ‘ಸಮಗ್ರ, ಸುಧಾರಿತ, ವಿಶ್ವದರ್ಜೆಯ ಪರಿಹಾರ’. ಯಾವುದಕ್ಕೆ ಪರಿಹಾರ? ಸಮಸ್ಯೆಯ ಸುಳಿವೇ ಇಲ್ಲ. ಆಮೇಲೆ ಹದಿನಾಲ್ಕು ವೈಶಿಷ್ಟ್ಯಗಳ ಪಟ್ಟಿ. ಅದರಲ್ಲಿ ಹನ್ನೊಂದನೆಯದು, ಭೂತಗನ್ನಡಿ ಬೇಡುವ ಅಕ್ಷರದಲ್ಲಿ: ‘ಲೆಕ್ಕ ತಾಳೆಯಾಗದಿದ್ದಾಗ ತಪ್ಪಿರಬಹುದಾದ ನಮೂದುಗಳನ್ನು ತೋರಿಸುತ್ತದೆ.’ ಸ್ವಾಮಿ, ಚಿನ್ನವನ್ನು ಹಿತ್ತಿಲಲ್ಲಿ ಹೂತಿಟ್ಟು ಅಂಗಳದಲ್ಲಿ ತಗಡು ಹರಡಿದ್ದೀರಲ್ಲ!

ಆ ಸಾಲು ಯಾರಿಗೆ ಬೇಕೋ ಅವರನ್ನು ಸ್ವಲ್ಪ ನೆನೆದುಕೊಳ್ಳಿ. ತಿಂಗಳ ಕೊನೆ. ಉಳಿದವರೆಲ್ಲ ಮನೆ ಸೇರಿದ್ದಾರೆ. ಖರ್ಚು ಮತ್ತು ಜಮೆಯ ಮೊತ್ತಗಳ ನಡುವೆ 270ರ ವ್ಯತ್ಯಾಸ ಉಳಿದುಬಿಟ್ಟಿದೆ. ಗುಮಾಸ್ತ ಬೆರಳಿಟ್ಟು ಸಾಲುಸಾಲಾಗಿ ಇಳಿಯುತ್ತಾನೆ, ಕೊನೆ ಮುಟ್ಟಿ ಮತ್ತೆ ಮೇಲಕ್ಕೆ ಹೋಗುತ್ತಾನೆ. ಪಳಗಿದ ಲೆಕ್ಕಿಗರಿಗೆ ಇಲ್ಲೊಂದು ಉಪಾಯ ಗೊತ್ತು. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. 520 ಬರೆಯಬೇಕಾದಲ್ಲಿ 250 ಬಿದ್ದಿರಬಹುದು. ಅದು ಸಿಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ನೋಡುತ್ತಾರೆ. 135ರ ನಮೂದೊಂದು ಖರ್ಚಿನ ಕಡೆ ಹೋಗುವ ಬದಲು ಜಮೆಯ ಕಡೆ ಹೋಗಿರಬಹುದು. ಇಷ್ಟೆಲ್ಲ ಮಾಡಿಯೂ ಸಿಗದೆ ಕಣ್ಣು ಉರಿಯುತ್ತಿರುವವನ ಮುಂದೆ ‘ವ್ಯತ್ಯಾಸ 9ರಿಂದ ಭಾಗವಾಗುತ್ತಿದೆಯೇ?’ ಎಂಬ ತಲೆಬರಹ ಹಿಡಿಯಿರಿ. ಎಂಟು ಸೆಕೆಂಡಲ್ಲ, ನೀವು ನಿಲ್ಲಿಸುವವರೆಗೆ ಓದುತ್ತಾನೆ.

ಉಳಿದವರಿಗೆ ಅದರ ತಲೆಬುಡ ತಿಳಿಯುವುದಿಲ್ಲ ಎನ್ನುತ್ತೀರಿ ತಾನೇ? ತಿಳಿಯದಿರಲಿ, ಪುಟ ತಿರುವಿ ಹೋಗಲಿ. ಅವರು ನಿಮ್ಮ ಗಿರಾಕಿಗಳಲ್ಲ. ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡಬೇಕೆಂಬ ಹಂಬಲವೇ ನಿಮ್ಮ ಹಣವನ್ನು ನುಂಗಿದ್ದು.

ನಟನಿಗೂ ಬಣ್ಣಕ್ಕೂ ಬೆಲೆಯೇ ಇಲ್ಲ ಎನ್ನಲಾರೆ. ಸರಕುಗಳೆಲ್ಲ ಒಂದೇ ಎನಿಸುವಾಗ ಕೈ ಪರಿಚಿತ ಹೆಸರಿನತ್ತ ಚಾಚುವುದು ಸಹಜ. ವರ್ಷಗಟ್ಟಲೆ ಹೆಸರನ್ನು ಕಿವಿಗೆ ತುಂಬುತ್ತ ಇರಬಲ್ಲ ಹಣವಂತರಿಗೆ ಅದು ಫಲ ಕೊಟ್ಟಿದೆ. ನಿಮಗೆ ಆ ಹಣವಿದ್ದಿದ್ದರೆ ನನಗೆ ಪತ್ರ ಬರೆಯುತ್ತಿರಲಿಲ್ಲ. ಇಷ್ಟು ಸಾಕು. ಹಣವಂತರಲ್ಲೂ ಬುದ್ಧಿವಂತರು ಏನು ಮಾಡಿದರೆಂದು ನೋಡಿ. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿ ಐಪಾಡ್ ಎಂಬ ಹಾಡು ಕೇಳುವ ಪುಟ್ಟ ಯಂತ್ರವನ್ನು ಹೊರತಂದಾಗ ಅದರೊಳಗೆ 5 ಗಿಗಾಬೈಟ್ ಡಿಸ್ಕ್ ಇತ್ತು. ನಿಮ್ಮ ಸಭೆಯವರ ಕೈಗೆ ಸಿಕ್ಕಿದ್ದರೆ ಆ ಐದನ್ನೇ ಪುಟದಗಲಕ್ಕೆ ಅಚ್ಚು ಹಾಕಿಸುತ್ತಿದ್ದರು. ಆಪಲ್‌ನವರು ಹೇಳಿದ್ದು, ಜೇಬಿನಲ್ಲಿ ಸಾವಿರ ಹಾಡು. ಹೊರಗೆ ಹೊರಡುವಾಗ ಯಾವ ಸಿ.ಡಿ. ಒಯ್ಯುವುದು, ಯಾವುದನ್ನು ಬಿಡುವುದು ಎಂದು ತಡಕಾಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ತೊಂದರೆ ಗಿರಾಕಿಗೆ ತೊಂದರೆ ಎನಿಸಿರಬೇಕು, ನಿಮಗೆ ಹಾಗೆ ಕಂಡರೆ ಸಾಲದು. 1990ರ ದಶಕದಲ್ಲಿ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿ ಬಟ್ಟೆ, ಸೋಫಾಗಳ ದುರ್ವಾಸನೆ ಹೋಗಲಾಡಿಸುವ ಫೆಬ್ರೀಜ್ ಎಂಬ ದ್ರವ ತಯಾರಿಸಿತು. ಸರಕು ಒಳ್ಳೆಯದೇ, ಆದರೆ ಮೊದಮೊದಲು ಮಾರಾಟವಾಗಲಿಲ್ಲ. ಬೆಕ್ಕುಗಳ ದಂಡನ್ನೇ ಸಾಕಿದವರ ಮನೆಗೆ ಹೋಗಿ ವಿಚಾರಿಸಿದರೆ, ಬಂದವರು ಮೂಗು ಮುಚ್ಚಿಕೊಳ್ಳುವಂತಿದ್ದ ವಾಸನೆ ಮನೆಯವರ ಮೂಗಿಗೆ ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ಅದು ಮಾರಾಟವಾದದ್ದು, ಶುಚಿ ಮಾಡಿ ಮುಗಿಸಿದ ಕೋಣೆಗೆ ಕಡೆಯದಾಗಿ ಸಿಂಪಡಿಸುವ ಪರಿಮಳವಾಗಿ.

ಇನ್ನು ಕೆಲವರು ಇಲ್ಲದ ತೊಂದರೆಯನ್ನೇ ಹುಟ್ಟಿಸುತ್ತಾರೆ. ಅಮೆರಿಕದಲ್ಲಿ 1879ರಲ್ಲಿ ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕವಾಗಿ ಹುಟ್ಟಿದ, ಬಾಯಿ ಮುಕ್ಕಳಿಸುವ ದ್ರವ ಲಿಸ್ಟರಿನ್, 1920ರ ದಶಕದಲ್ಲಿ ‘ಹ್ಯಾಲಿಟೋಸಿಸ್’ ಎಂಬ ಅಪರೂಪದ ವೈದ್ಯಕೀಯ ಪದ ಹಿಡಿದುಕೊಂಡು, ಬಾಯಿವಾಸನೆಯಿಂದ ಮದುವೆ ತಪ್ಪೀತೆಂದು ಹೆಣ್ಣುಮಕ್ಕಳನ್ನು ಹೆದರಿಸಿತು. ಇದೇ ದ್ರವ ನೆಗಡಿಯನ್ನೂ ತಡೆಯುತ್ತದೆ ಎಂದು ದಶಕಗಳ ಕಾಲ ಹೇಳಿದ್ದಕ್ಕೆ, ಅದು ಸರಿಯಲ್ಲವೆಂದು ಜಾಹೀರಾತಿನಲ್ಲೇ ಒಪ್ಪಿಕೊಳ್ಳುವಂತೆ 1975ರಲ್ಲಿ ಅಲ್ಲಿನ ಸರ್ಕಾರಿ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆದೇಶಿಸಬೇಕಾಯಿತು. ಹೆದರಿಕೆಯನ್ನು ಬಿತ್ತಿ ಗಮನ ಕೊಯ್ಯುವ ಈ ಬೇಸಾಯ ಇಂದಿಗೂ ನಿಂತಿಲ್ಲ. ನೀವು ಆ ದಾರಿ ಹಿಡಿಯುವವರಲ್ಲ ಎಂದು ನಿಮ್ಮ ಪತ್ರದ ಸಂಕೋಚವೇ ಹೇಳುತ್ತದೆ.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ಎಲ್ಲೆಡೆ ಇದೇ ಕಾಯಿಲೆ. ನಮ್ಮ ಕಚೇರಿಗೆ ಬರುವ ಪತ್ರಿಕಾ ಪ್ರಕಟಣೆಗಳು ‘ಹೆಮ್ಮೆಯಿಂದ’ ಎಂದೇ ಶುರುವಾಗುತ್ತವೆ. ಸಮಾರಂಭದಲ್ಲಿ ವೇದಿಕೆಯ ಮೇಲಿನವರನ್ನೆಲ್ಲ ಹೆಸರಿಸಿ ಮುಗಿಸುವಷ್ಟರಲ್ಲಿ ಕೇಳಲು ಬಂದವರು ಆಕಳಿಸಿರುತ್ತಾರೆ. ಸಹಾಯವಾಣಿಗೆ ಫೋನ್ ಮಾಡಿದರೆ, ನನ್ನ ಕರೆ ಅಮೂಲ್ಯವೆಂದು ಯಂತ್ರವೊಂದು ಹೇಳುತ್ತಲೇ ಇರುತ್ತದೆ. ಏನಾಯಿತು ಎಂದು ಕೇಳುವ ಮನುಷ್ಯ ಮಾತ್ರ ಬರುವುದಿಲ್ಲ. ಲೇಖಕ ಮಿತ್ರರು ಕಳುಹಿಸುವ ಲೇಖನಗಳಲ್ಲಿ ಮೊದಲ ಪುಟವಿಡೀ ಪೀಠಿಕೆ. ನಾನು ಅದನ್ನು ಹೊಡೆದುಹಾಕಿ ಎರಡನೆಯ ಪುಟದಿಂದ ಅಚ್ಚಿಗೆ ಕಳುಹಿಸಿದರೆ ಕೋಪಿಸಿಕೊಳ್ಳುತ್ತಾರೆ. ಎಲ್ಲರೂ ತಮ್ಮ ಬೆನ್ನು ತಾವೇ ತಟ್ಟಿಕೊಂಡು, ಆ ಸದ್ದಿಗೆ ಜನ ತಿರುಗಿ ನೋಡಲಿಲ್ಲವೆಂದು ಮುನಿಸಿಕೊಳ್ಳುವವರೇ.

ಹಾಗಾಗಿ ಹೊಸ ತಲೆಬರಹಕ್ಕಾಗಿ ಇನ್ನೊಂದು ಸಂಸ್ಥೆಗೆ ಹಣ ಸುರಿಯಬೇಡಿ. ನಿಮ್ಮಲ್ಲಿ ಗಿರಾಕಿಗಳ ದೂರಿನ ಕರೆಗಳನ್ನು ಸ್ವೀಕರಿಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಜನ ಫೋನ್ ಎತ್ತಿಕೊಂಡ ಕೂಡಲೇ ಆಡುವ ಮೊದಲ ವಾಕ್ಯ ಅವರಿಗೆ ಬಾಯಿಪಾಠವಾಗಿರುತ್ತದೆ. ಅದನ್ನು ತಿದ್ದದೆ, ಸಿಂಗರಿಸದೆ ಬರೆದುಕೊಳ್ಳಿ. ಜಾಹೀರಾತು ಅಂತಿಮಗೊಳಿಸಿದ ಸಭೆಯಲ್ಲಿದ್ದವರ ಪಟ್ಟಿಯನ್ನು ನೋಡಿದೆ. ಅಧ್ಯಕ್ಷರು, ಇಬ್ಬರು ನಿರ್ದೇಶಕರು, ವಿನ್ಯಾಸಕಾರರು, ಹಣಕಾಸು ವಿಭಾಗದ ಮುಖ್ಯಸ್ಥರು. ಆ ಫೋನಿನವರು ಅದರಲ್ಲಿ ಇರಲಿಲ್ಲ.