ಪ್ರೋಗ್ರಾಮಿಂಗ್ ಭಾಷೆಗಳ ಸೆಮ್ಯಾಂಟಿಕ್ಸ್, ಅಂದರೆ ಪ್ರೋಗ್ರಾಂಗಳ ಅರ್ಥವನ್ನು ಗಣಿತದಲ್ಲಿ ಹೇಳುವ ಶಾಸ್ತ್ರ, ಓದಿದವರು ದಿನವಿಡೀ ಏನು ಮಾಡುತ್ತಾರೆ? ಅದನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ನಾನು ಮಾಡಿಕೊಂಡಿದ್ದೇನೆ, ಖುಷಿಯಾಗಿದ್ದೇನೆ.

"ಪ್ರೋಗ್ರಾಂ ಓಡಿಸಿ ನೋಡಿದರೆ ಗೊತ್ತಾಗುತ್ತಲ್ಲ, ಅದಕ್ಕೆ ಗಣಿತ ಯಾಕೆ?" ಅಂತಲೂ ಕೇಳಿದ್ದೀರಿ. ಓಡಿಸಿದರೆ ಆ ಒಂದು ಸಲ ಏನಾಯಿತು ಅಂತ ಮಾತ್ರ ತಿಳಿಯುತ್ತದೆ. ಈ ಭಾಷೆಯಲ್ಲಿ ಯಾರು ಏನೇ ಬರೆದರೂ ಇಂಥ ತಪ್ಪು ಆಗುವುದಿಲ್ಲ ಅನ್ನಬೇಕಾದರೆ ಪ್ರೂಫ್ ಬೇಕು.

ಎಂಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ನೋಡಿ. ಟೈಪ್ ಅಂದರೆ ಒಂದು ಡೇಟಾ ಯಾವ ಬಗೆಯದು ಅನ್ನುವುದು: ಸಂಖ್ಯೆಯಾ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆ, ಹೀಗೆ. ಟೈಪ್ ಸರಿಯಿದ್ದ ಪ್ರೋಗ್ರಾಂ ಓಡುವಾಗ ಟೈಪ್ ವಿಷಯದಲ್ಲಿ ಎಡವುವುದಿಲ್ಲ ಅಂತ ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ 1978ರಲ್ಲಿ ಒಂದು ಪುಟ್ಟ ಭಾಷೆಗೆ ತೋರಿಸಿಕೊಟ್ಟರು. ಅದಕ್ಕೆ ಬದಲಾಯಿಸಬಹುದಾದ ಮೆಮೊರಿ ಸೇರಿಸಿದರೆ ತೊಂದರೆ ಶುರು. ಖಾಲಿ ಪಟ್ಟಿ ಇಟ್ಟ ಒಂದು ಡಬ್ಬಿ ಅಂದುಕೊಳ್ಳಿ. ಖಾಲಿ ಅಲ್ವಾ, ಯಾವ ಟೈಪಿಗೂ ಹೊಂದುತ್ತದೆ. ಒಂದು ಕಡೆ ಅದರೊಳಗೆ ಸಂಖ್ಯೆ ಹಾಕುತ್ತೀರಿ, ಇನ್ನೊಂದು ಕಡೆ ಸ್ಟ್ರಿಂಗ್ ಅಂದುಕೊಂಡು ತೆಗೆಯುತ್ತೀರಿ. ಕಂಪೈಲರ್ (ಬರೆದ ಕೋಡನ್ನು ಪರೀಕ್ಷಿಸಿ ಯಂತ್ರದ ಕೋಡ್ ಆಗಿಸುವ ಪ್ರೋಗ್ರಾಂ) ಎರಡಕ್ಕೂ ಹೂಂ ಅಂದಿರುತ್ತದೆ! ಇದಕ್ಕೆ ಜಟಿಲವಾದ ಪರಿಹಾರಗಳು ಹಲವು ಬಂದವು. ಕೊನೆಗೆ 1995ರಲ್ಲಿ ಆಂಡ್ರ್ಯೂ ರೈಟ್ ಒಂದು ಸರಳ ನಿಯಮ ಸಾಕು ಅಂದರು: ಓಡಿಸಿ ಲೆಕ್ಕ ಹಾಕಬೇಕಿಲ್ಲದೆ ಆಗಲೇ ಮೌಲ್ಯವಾಗಿರುವುದನ್ನು ಮಾತ್ರ ಹಲವು ಟೈಪ್‌ಗಳಲ್ಲಿ ಬಳಸಲು ಬಿಡಿ. ಡಬ್ಬಿ ಮಾಡುವುದು ಒಂದು ಕ್ರಿಯೆ, ಹಾಗಾಗಿ ಅದಕ್ಕೆ ಆ ಅವಕಾಶ ಇಲ್ಲ. ಜನ ಆಗಲೇ ಬರೆದಿದ್ದ ಕೋಡ್ ತೆಗೆದು ನೋಡಿ, ಬದಲಾಯಿಸಬೇಕಾದದ್ದು ತೀರಾ ಕಡಿಮೆ ಅಂತಲೂ ತೋರಿಸಿದರು. ನನಗೆ ಅದೇ ತುಂಬಾ ಇಷ್ಟ. 1997ರ ಸ್ಟ್ಯಾಂಡರ್ಡ್ ಎಂಎಲ್ ಈ ನಿಯಮವನ್ನು ಒಪ್ಪಿಕೊಂಡಿತು.

ನನ್ನ ದಿನಗಳೂ ಹೀಗೇ. ನಿಯಮ ಬರೆಯುತ್ತೇನೆ, ಪ್ರೂಫ್‌ಗೆ ಕೂರುತ್ತೇನೆ, ಎಲ್ಲೋ ಸಿಕ್ಕಿಕೊಳ್ಳುತ್ತೇನೆ. ಪಿಎಚ್‌ಡಿಯಲ್ಲಿ ಒಂದು ಲೆಮ್ಮಾ (ದೊಡ್ಡ ಪ್ರೂಫ್‌ಗೆ ಬೇಕಾದ ಸಣ್ಣ ಹೇಳಿಕೆ) ಏಳು ತಿಂಗಳು ಕಾಡಿತು. ನನಗೇ ಗಣಿತ ಸಾಲದು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಲೆಮ್ಮಾನೇ ಸುಳ್ಳು. ಮೂರು ಸಾಲಿನ ಪ್ರೋಗ್ರಾಂ ಅದನ್ನು ಮುರಿಯಿತು. ನಾನು ಬರೆದಿದ್ದ ನಿಯಮದಲ್ಲೇ ತೂತು ಇತ್ತು. ಪ್ರೂಫ್ ಇಲ್ಲದಿದ್ದರೆ ಆ ತೂತು ಕಾಣುತ್ತಲೇ ಇರಲಿಲ್ಲ.

ಕೆಲಸದ ವಿಷಯ. ವಿಶ್ವವಿದ್ಯಾಲಯದ ಹುದ್ದೆಗಳು ಕಡಿಮೆ, ಪೈಪೋಟಿ ಜಾಸ್ತಿ. ಕಂಪೈಲರ್ ಮತ್ತು ವೆರಿಫಿಕೇಶನ್ (ಪ್ರೋಗ್ರಾಂ ಸರಿ ಅಂತ ಸಾಧಿಸುವ ಕೆಲಸ) ತಂಡಗಳಲ್ಲೂ ನಮ್ಮಂಥವರಿಗೆ ಜಾಗ ಇದೆ. ಸಿಸ್ಮಿತ್ ಎಂಬ ಟೂಲ್ ಬಳಸಿ ಸಿ ಕಂಪೈಲರ್‌ಗಳನ್ನು ಪರೀಕ್ಷಿಸಿದ ವರದಿ 2011ರಲ್ಲಿ ಬಂತು. ಪರೀಕ್ಷಿಸಿದ ಎಲ್ಲದರಲ್ಲೂ ದೋಷ ಸಿಕ್ಕಿತ್ತು. ಕಾಂಪ್‌ಸರ್ಟ್ ಎಂಬ, ಬಹುಪಾಲು ಪ್ರೂಫ್ ಸಮೇತ ಬರೆದ ಕಂಪೈಲರ್‌ನಲ್ಲಿ ಮಾತ್ರ, ಪ್ರೂಫ್ ಇದ್ದ ಭಾಗದಲ್ಲಿ, ತಪ್ಪು ಕೋಡ್ ಹುಟ್ಟಿಸುವ ಒಂದು ದೋಷವೂ ಸಿಗಲಿಲ್ಲ.

ನಿಮಗೆ ಹೊಂದುತ್ತದಾ ಅಂತ ನೋಡಬೇಕಾದರೆ ಸುಮ್ನೆ ಒಂದು ಪುಟ್ಟ ಭಾಷೆ ಮಾಡಿ: ಸಂಖ್ಯೆ, ನಿಜ-ಸುಳ್ಳು, ಇಫ್, ಫಂಕ್ಷನ್ ಸಾಕು. ಟೈಪ್ ಸರಿಯಿದ್ದರೆ ಅದರಲ್ಲಿ ಬರೆದ ಪ್ರೋಗ್ರಾಂ ಓಡುವಾಗ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಅಂತ ಮೊದಲು ಕಾಗದದ ಮೇಲೆ ಸಾಧಿಸಿ, ಆಮೇಲೆ ಪ್ರೂಫ್ ಪರೀಕ್ಷಿಸುವ ಟೂಲ್‌ಗಳಾದ ರಾಕ್ (ಹಿಂದಿನ ಹೆಸರು ಕಾಕ್) ಅಥವಾ ಅಗ್ಡಾದಲ್ಲಿ. ಎಲ್ಲಿ ಸಿಕ್ಕಿಕೊಂಡಿರಿ ಅಂತ ಕಮೆಂಟ್‌ನಲ್ಲಿ ಬರೆಯಿರಿ, ಕೂತು ನೋಡೋಣ.